ಪರದೆ ಹಿಂದಿನ ಜೋಲಿ

ಇಳಕಲ್ಲಿನ ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ನಾಟಕ ಕಂಪನಿಯ ತಗಡಿನ ಥೇಟರು, ಅದರ ಬೆನ್ನಿಗೆ ಕಲಾವಿದರ ಗುಡಿಸಲುಗಳು, ಎಲ್ಲ ಗಪ್‌ಚಿಪ್. ಎರಡನೇ ಆಟ ಮುಗಿಸಿ ಬಣ್ಣ ಒರೆಸಿಕೊಂಡು ಮಲಗಿದವರು ಬಿಸಿಲೇರುವ ತನಕ ಏಳುವುದಿಲ್ಲ. ಎದ್ದಿರುವುದು ಇಬ್ಬರೇ. ಒಬ್ಬರು ಅಮೀನಬಿ, ಅರವತ್ತರ ಹತ್ತಿರದ ಹೆಂಗಸು. ಇನ್ನೊಬ್ಬಳು ಅವರ ಹೆಗಲಿಗೆ ಗಲ್ಲ ಒತ್ತಿ, ಜೊಲ್ಲು ಸುರಿಸುತ್ತಾ, ಬಯಲನ್ನೆಲ್ಲ ತಪಾಸಣೆ ಮಾಡುತ್ತಿರುವ ಎಂಟು ತಿಂಗಳ ಕೂಸು.

ಕೂಸು ಕಂಪನಿಯ ನಾಯಕಿ ಪ್ರಿಯದರ್ಶಿನಿಯದು. ಆಕೆ ಗುಡಿಸಲಿನಲ್ಲಿ ಗಾಢ ನಿದ್ದೆಯಲ್ಲಿದ್ದಾಳೆ. ಆ ನಿದ್ದೆಯನ್ನು ಕಾಯುವುದೇ ಅಮೀನಬಿಯ ದಿನದ ಮೊದಲ ಕೆಲಸ.

“ಈಗ ಇದು ಅತ್ರ ಆಕಿಗೆ ಎಚ್ಚರ ಆಗತೈತಿ. ನಿದ್ದಿಗೆಟ್ರ ಸಂಜೀಕ ದನಿ ಒಡೀತೈತಿ. ದನಿ ಒಡದ್ರ ಹಾಡು ಹೆಂಗ ಹೇಳ್ತಾಳರಿ? ಅದಕ್ಕ ನಾ ಇದನ್ನ ಎತ್ಕೊಂಡು ದೂರ ಬಂದಬಿಡ್ತೇನಿ.”

ಇವತ್ತು ಮಾತ್ರ ಅವರು ಕೂಸನ್ನು ಕೊಂಚ ಹೆಚ್ಚೇ ಒತ್ತಿ ಹಿಡಿದಿದ್ದಾರೆ. ಸಂಜೆ ಈ ಕೂಸು ಕ್ಯಾಂಪು ಬಿಟ್ಟು ಹೋಗಲಿದೆ. ಇನ್ನು ಮೇಲೆ ಕಂಪನಿಯಲ್ಲಿ ಹಾಲು ಕುಡಿಯುವ ಕೂಸುಗಳು ಇರಕೂಡದು ಎಂದು ಮಾಲೀಕರ ತೀರ್ಮಾನವಾಗಿದೆ. ಇದ್ದ ಇನ್ನೊಂದು ಕೂಸು ಹೋದ ವಾರವೇ ಅಜ್ಜಿಯ ಮನೆ ಸೇರಿತು. ಉಳಿದದ್ದು ಇದೊಂದು.

ನಿಮ್ಮ ಈ ಕೆಲಸಕ್ಕೆ ಏನಂತಾರೆ ಎಂದು ಕೇಳಿದೆ. ಪತ್ರಿಕೆಯವರಿಗೆ ಎಲ್ಲಕ್ಕೂ ಒಂದು ಹೆಸರು ಬೇಕಲ್ಲ! ಅಮೀನಬಿ ಸ್ವಲ್ಪ ಯೋಚಿಸಿ, “ಕೂಸ ಹಿಡಿಯೂದ್ರಿ” ಎಂದರು. ಥೇಟರಿನ ಬಾಗಿಲ ಬೋರ್ಡಿನಲ್ಲಿ ನಾಯಕ, ನಾಯಕಿ, ಹಾಸ್ಯನಟರು, ಪೇಟಿ ಮಾಸ್ತರರು, ತಬಲಾದವರು, ಲೈಟಿನವರು, ಕೊನೆಗೆ ಪರದೆ ಎಳೆಯುವ ಕಲ್ಲೇಶನ ಹೆಸರೂ ಇದೆ. ಕೂಸು ಹಿಡಿಯುವವರ ಹೆಸರಿಲ್ಲ. ಇರಬೇಕೆಂದು ಯಾರಿಗೂ ಹೊಳೆದಿಲ್ಲ, ಅಮೀನಬಿಗೂ ಸಹ.

ಈ ಕಂಪನಿಯ ಹೆಣ್ಣುಮಕ್ಕಳಿಗೆ ಹೆರಿಗೆ ರಜೆ ಎಂಬ ಮಾತೇ ಗೊತ್ತಿಲ್ಲ. ಹಡೆದು ಮೈ ಸುಧಾರಿಸುವಷ್ಟರಲ್ಲಿ ಬಣ್ಣ ಹಚ್ಚಬೇಕು, ಇಲ್ಲವಾದರೆ ಪಾತ್ರ ಬೇರೊಬ್ಬಳ ಪಾಲಾಗುತ್ತದೆ. ಹಾಗಾಗಿ ಕೂಸೂ ತಾಯಿಯ ಜೊತೆ ಊರೂರು ತಿರುಗುತ್ತದೆ. ಬಾದಾಮಿ, ಗುಳೇದಗುಡ್ಡ, ಹುನಗುಂದ, ಎಲ್ಲಿ ಕ್ಯಾಂಪು ಹಾಕಿದರೂ ಪರದೆಯ ಹಿಂದೆ ಎರಡು ಕಂಬಗಳ ನಡುವೆ ಒಂದು ಜೋಲಿ ಬೀಳುತ್ತದೆ. ಅರಮನೆಯ ದೃಶ್ಯದ ಹಳೆಯ ಪರದೆ ಹರಿದಾಗ ಅಮೀನಬಿ ಜೋಲಿಗೆಂದು ಅದರದೊಂದು ತುಂಡು ಕೇಳಿ ಇಸಿದುಕೊಂಡಿದ್ದರಂತೆ. ಒಗೆದು ಒಗೆದು ಮೆತ್ತಗಾಗಿದೆ. ಕೂಸಿನ ಬೆನ್ನ ಕೆಳಗೆ ಅರ್ಧ ಸಿಂಹಾಸನ ಇನ್ನೂ ಮಾಸದೆ ಉಳಿದಿದೆ.

ಆಟ ಶುರುವಾಯಿತೆಂದರೆ ಅಮೀನಬಿ ರಂಗದ ಮಗ್ಗುಲಲ್ಲಿ, ಜನರಿಗೆ ಕಾಣದ ಹಾಗೆ, ಕೂಸನ್ನೆತ್ತಿಕೊಂಡು ನಿಲ್ಲುತ್ತಾರೆ. ಹಾಸ್ಯದ ದೃಶ್ಯ ಬಂದಾಗ ನಾಯಕಿಗೆ ಬಿಡುವು. ಪ್ರಿಯದರ್ಶಿನಿ ಓಡಿ ಬಂದು ಬಟ್ಟೆ ಪೆಟ್ಟಿಗೆಯ ಮೇಲೆ ಕೂರುತ್ತಾಳೆ. ಅಮೀನಬಿ ಮೊದಲು ಆಕೆಯ ತಲೆಯಿಂದ ಟೋಪನ್, ಅಂದರೆ ನಾಟಕದ ಕೂದಲು, ಕಿತ್ತು ಪಕ್ಕಕ್ಕಿಡುತ್ತಾರೆ. ಒದ್ದೆ ಬಟ್ಟೆಯಿಂದ ಕೊರಳು, ಎದೆಯ ಬಣ್ಣ ಒರೆಸುತ್ತಾರೆ. ಆಮೇಲೆ ಕೂಸನ್ನು ಮಡಿಲಿಗೆ ಹಾಕುತ್ತಾರೆ.

“ಟೋಪನ್ ಇದ್ರ ಕೂಸು ತಾಯಿ ಅಂತ ಒಪ್ಪೂದಿಲ್ರಿ, ಚೀರತೈತಿ. ಒಮ್ಮೆ ಇದರವ್ವ ರಾಣಿ ಪಾರ್ಟ್ ಮಾಡಿ, ಕಿರೀಟ ಹಾಕ್ಕೊಂಡ ಹಾಲ ಕೊಡಾಕ ಬಂದಿದ್ಲು. ಅಯ್ಯಯ್ಯ, ಅದರ ಬಾಯಿ ಕೇಳಬೇಕಿತ್ತು ನೀವು! ಹೊರಗ ಮಂದಿ ಹಾಸ್ಯಾ ಬಿಟ್ಟು ಇದನ್ನ ಕೇಳಿ ನಗಾಕತ್ತಿದ್ರು.”

ಹೀಗೆ ನಗುವಾಗ ಅವರ ಮುಖದಲ್ಲಿ ಹಳೆಯ ನಾಯಕಿಯೊಬ್ಬಳು ಸುಳಿದು ಹೋಗುತ್ತಾಳೆ. ಹೌದು, ಇವರೂ ಒಂದು ಕಾಲದ ನಾಯಕಿಯೇ. ಗುಳೇದಗುಡ್ಡದ ಖಣದ ಮಗ್ಗದ ಮನೆಯಲ್ಲಿ ಹುಟ್ಟಿದವರು. ಮಗ್ಗದ ಸಪ್ಪಳ ಮೀರಿಸಿ ಹಾಡಿ ಹಾಡಿ ದನಿ ದೊಡ್ಡದಾಯಿತಂತೆ. ಊರಿಗೆ ಬಂದ ಕಂಪನಿಯವರು ಆ ದನಿ ಕೇಳಿ ಕರೆದುಕೊಂಡರು. ಬೋರ್ಡಿನ ಮೇಲೆ ‘ಕುಮಾರಿ ಪುಷ್ಪಾ’ ಆದರು. ಅಲ್ಲೇ ತಬಲಾ ನುಡಿಸುತ್ತಿದ್ದ ಸುಭಾನಸಾಬರನ್ನು ಮದುವೆಯಾದರು. ಆದರೂ ಬೋರ್ಡಿನ ಹೆಸರು ಬದಲಾಗಲಿಲ್ಲ. “ಲಗ್ನಾ ಆದ್ರೂ ಕುಮಾರಿ, ಹಡದ್ರೂ ಕುಮಾರಿ!” ಎಂದು ಬಾಯಿಗೆ ಸೆರಗು ಹಚ್ಚುತ್ತಾರೆ.

ಮುಂದಿನದನ್ನು ಹೇಳುವಾಗ ನಗುವುದಿಲ್ಲ.

ನಮ್ಮ ಕಡೆಯ ನಾಟಕ ನೋಡಿದವರಿಗೆಲ್ಲ ‘ವನ್ಸ್ ಮೋರ್’ ಗೊತ್ತು. ಹಾಡು ಹಿಡಿಸಿದರೆ ಜನ ಕೂಗುತ್ತಾರೆ. ಸತ್ತು ಬಿದ್ದ ಪಾತ್ರವೂ ಎದ್ದು, ಇನ್ನೊಮ್ಮೆ ಹಾಡಿ, ಇನ್ನೊಮ್ಮೆ ಸಾಯಬೇಕು. ಒಲ್ಲೆ ಎನ್ನುವ ಹಾಗಿಲ್ಲ. ಕಲಾವಿದರಿಗೆ ಅದಕ್ಕಿಂತ ದೊಡ್ಡ ಮರ್ಯಾದೆಯೂ ಇಲ್ಲ. ಅಮೀನಬಿಗೆ ಮಾತ್ರ ಆ ಮಾತು ಕಿವಿಗೆ ಬಿದ್ದರೆ ಮೈ ಬಿಗಿಯುತ್ತದೆ.

ಮೂವತ್ತು ವರ್ಷದ ಹಿಂದಿನ ಮಾತು. ಹುನಗುಂದದ ಕ್ಯಾಂಪು. ಐದು ತಿಂಗಳ ಮಗಳಿಗೆ ಜ್ವರ. ಪೆಟ್ಟಿಗೆಯ ಮೇಲೆ ಮಲಗಿಸಿ, ಬೆಚ್ಚಗೆ ಹೊದಿಸಿ ರಂಗಕ್ಕೆ ಹೋದರು. ಅವತ್ತಿನ ಪಾತ್ರ, ಕೂಸನ್ನು ಕಳೆದುಕೊಂಡ ತಾಯಿಯದು. ಬಟ್ಟೆಯ ಗಂಟೊಂದನ್ನು ಸತ್ತ ಕೂಸೆಂದು ಎದೆಗವಚಿ ಹಾಡಬೇಕು. ಹಾಡಿದರು. ಜನ ವನ್ಸ್ ಮೋರ್ ಎಂದರು. ಮತ್ತೆ ಹಾಡಿದರು. ಮತ್ತೆ ವನ್ಸ್ ಮೋರ್.

“ಮೊದಲನೇ ಸರ್ತಿ ಹಾಡೂಮುಂದ ಒಳಗ ಕೂಸು ಅಳೂದು ಕೇಳತಿತ್ರಿ. ಆಮ್ಯಾಲ ಕೇಳಲಿಲ್ಲ. ಮಲಗೇತಿ ಅಂದ್ಕೊಂಡ್ನಿ. ತಬಲಾ ಅವರ ಕೈಯಾಗಿತ್ತು, ಹಾಡು ನನ್ನ ಬಾಯಾಗಿತ್ತು. ಕೂಸು ಯಾರ ಕೈಯಾಗೂ ಇರಲಿಲ್ಲ. ಹಾಡು ಮುಗಿಸಿ ಒಳಗ ಓಡಿ ಬರೂದ್ರಾಗ ತಡಾ ಆಗಿಬಿಟ್ಟಿತ್ರಿ.” ಸೆರಗಿನ ತುದಿಯಿಂದ ಪ್ರಿಯದರ್ಶಿನಿಯ ಕೂಸಿನ ಬಾಯಿ ಒರೆಸುತ್ತಾರೆ. “ಮಂದಿ ಹೊರಗ ಹೋಗೂಮುಂದ ಅನ್ನಾಕತ್ತಿದ್ರು, ಇವತ್ತ ಪುಷ್ಪಾ ಭಾಳ ಛಲೋ ಅತ್ಲು ಅಂತ.”

ನನಗೆ ಅಳು ಬಂತು, ಸುಳ್ಳೇಕೆ ಹೇಳಲಿ. ಅಮೀನಬಿಯೇ ನನಗೆ ಸಮಾಧಾನ ಹೇಳಿ ಚಹಾ ತರಿಸಿದರು.

ಅಂದಿನಿಂದ ಅವರು ಬಣ್ಣ ಹಚ್ಚಲಿಲ್ಲ. ರಂಗದ ಹಲಗೆಯ ಮೇಲೆ ಕಾಲೂ ಇಡಲಿಲ್ಲ. ಬೇರೆ ನಟಿಯರು ಕೂಸುಗಳನ್ನು ಪೆಟ್ಟಿಗೆಯ ಮೇಲೆ ಮಲಗಿಸಿ ಹೋಗುವುದನ್ನು ಕಂಡು, ಒಂದೊಂದನ್ನೇ ಎತ್ತಿಕೊಳ್ಳತೊಡಗಿದರು. ಯಾರೂ ಹೇಳಿದ್ದಲ್ಲ. ಸುಭಾನಸಾಬರು ತೀರಿಕೊಂಡ ಮೇಲೂ ಕಂಪನಿ ಬಿಡಲಿಲ್ಲ. ಎಷ್ಟು ಕೂಸುಗಳನ್ನು ಆಡಿಸಿದ್ದೀರಿ ಎಂದರೆ, “ಕೂಸಗೋಳನ್ನ ಎಣಸಬಾರದ್ರಿ” ಎಂದು ಗದರಿಸುತ್ತಾರೆ. ಕ್ಯಾಂಪಿನ ಎಲ್ಲರಿಗೂ ಅವರು ದೊಡ್ಡವ್ವ.

ಈಗಿನ ಮಾಲೀಕರಾದ ಗುರಲಿಂಗಪ್ಪನವರೂ ಅವರನ್ನು ದೊಡ್ಡವ್ವ ಎಂದೇ ಕರೆಯುತ್ತಾರೆ. ಅವರ ತಾಯಿಯೂ ನಟಿ. ಚಿಕ್ಕವರಿದ್ದಾಗ ಇದೇ ಅಮೀನಬಿಯ ಕಂಕುಳಲ್ಲಿ ಕೂತು ನಾಟಕ ನೋಡಿದವರು. ಕೂಸುಗಳ ವಿಷಯ ತೆಗೆದರೆ ಮುಖ ಸಣ್ಣದಾಗುತ್ತದೆ.

“ನಾ ಏನ್ ಕಟುಕ ಅಲ್ರಿ. ಥೇಟರಿಗೆ ಮಂದಿ ಬರೂದು ಕಡಿಮಿ ಆಗೇತಿ. ನಾಟಕಾ ಶೂಟ್ ಮಾಡಿ ಯೂಟ್ಯೂಬಿಗೆ ಹಾಕಿದ್ರ ನಾಕ ಮಂದಿ ನೋಡ್ತಾರು. ನಾಯಕಿ ಅಳೂಮುಂದ ಹಿಂದ ಖರೇ ಕೂಸು ಅತ್ರ ಹೆಂಗ್ರಿ? ಕೆಳಗ ಏನೇನರ ಬರೀತಾರು. ದೊಡ್ಡವ್ವನ್ನ ನಾ ಏನ್ ಹೊರಗ ಹಾಕೂದಿಲ್ಲ. ಅಡಗಿ ಮನ್ಯಾಗ ಇರ್ಲಿ, ರೊಟ್ಟಿ ಬಡೀಲಿ.”

ಅವರ ಮಾತಿನಲ್ಲೂ ಸತ್ಯವಿದೆ, ಏನು ಮಾಡುವುದು! ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಪ್ರಿಯದರ್ಶಿನಿಯನ್ನು ಕೇಳಿದರೆ ಆಕೆ ನೆಲ ನೋಡುತ್ತಾ, “ಪಾರ್ಟ್ ಬಿಟ್ರ ಮತ್ತ ಸಿಗೂದಿಲ್ರಿ. ಕೂಸಿಗೆ ಹಾಲ ಬಿಡಸಾಕ ಮನಸಿಲ್ಲ. ಎರಡೂ ಹೆಂಗ ಆಗತೈತಿ?” ಎಂದಳು.

ಮಧ್ಯಾಹ್ನ ಕೆರೂರಿನಿಂದ ಆಕೆಯ ಅತ್ತೆ ರಾಮವ್ವ ಬಂದಿಳಿಯುತ್ತಾರೆ. ಮೊಮ್ಮಗಳಿಗೆಂದು ಹೊಸ ಕುಲಾಯಿ ತಂದಿದ್ದಾರೆ. ಮೊದಲ ಆಟದ ಇಂಟರ್‌ವಲ್ಲಿನಲ್ಲಿ ತಾಯಿ ಕಡೆಯ ಸಲ ಹಾಲು ಕುಡಿಸಬೇಕು, ಆಮೇಲೆ ರಾಮವ್ವ ಕೂಸಿನೊಂದಿಗೆ ಕಡೆಯ ಬಸ್ಸು ಹಿಡಿಯಬೇಕು ಎಂದು ಮಾತಾಗುತ್ತದೆ.

ಸಂಜೆಯ ಆಟ ಶುರುವಾಗುತ್ತದೆ. ನಾಟಕದ ಹೆಸರು ಕೇಳಿದರೆ ನಗು ಬರುವಂಥದ್ದು, ಆದರೆ ಇಂಟರ್‌ವಲ್ಲಿಗೆ ಮೊದಲು ಅಳಿಸದೆ ಬಿಡುವುದಿಲ್ಲ. ಇಲ್ಲೂ ಕೂಸು ಸತ್ತ ತಾಯಿ, ಎದೆಯ ಮೇಲೆ ಬಟ್ಟೆಯ ಗಂಟು. ಪ್ರಿಯದರ್ಶಿನಿ ಹಾಡುತ್ತಾಳೆ. ಇವತ್ತು ಆಕೆಗೆ ನಟಿಸುವ ಅಗತ್ಯವೇ ಇಲ್ಲ. ಹಾಡು ಮುಗಿಯುತ್ತಲೇ ಸಿಳ್ಳೆ, ವನ್ಸ್ ಮೋರ್! ಪೇಟಿ ಮಾಸ್ತರರು ಮತ್ತೆ ಸ್ವರ ಹಿಡಿಯುತ್ತಾರೆ. ಆಕೆ ಮತ್ತೆ ಹಾಡುತ್ತಾಳೆ. ಹಸಿದ ಕೂಸು ಅಮೀನಬಿಯ ತೋಳಲ್ಲಿ ಚಡಪಡಿಸಿ ಅಳತೊಡಗುತ್ತದೆ. ಕೈಚೀಲ ಹಿಡಿದು ನಿಂತ ರಾಮವ್ವ, “ಬಸ್ಸು ಹೋಗತೈತ್ರೆವ್ವ” ಎಂದು ಪಿಸುಗುಡುತ್ತಾರೆ. ಎರಡನೇ ಸಲವೂ ಹಾಡು ಮುಗಿಯುತ್ತದೆ. ಹೊರಗೆ ಮತ್ತೆ ಅದೇ ಕೂಗು. ಪೇಟಿ ಮತ್ತೆ ನುಡಿಯುತ್ತದೆ. ಪ್ರಿಯದರ್ಶಿನಿ ಒಮ್ಮೆ ನಮ್ಮತ್ತ ನೋಡಿ, ಕಣ್ಣು ಮುಚ್ಚಿ ಮೂರನೇ ಸಲ ಬಾಯಿ ತೆರೆಯುತ್ತಾಳೆ.

ಪಕ್ಕದಲ್ಲಿದ್ದ ಅಮೀನಬಿ ಚಪ್ಪಲಿ ಬಿಡುತ್ತಾರೆ. ಬಗ್ಗಿ, ರಂಗದ ಹಲಗೆ ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ನನಗೆ ಏನೆಂದು ತಿಳಿಯುವ ಮೊದಲೇ ಕೂಸಿನೊಂದಿಗೆ ಬೆಳಕಿನೊಳಗೆ ನಡೆದು ಹೋಗಿರುತ್ತಾರೆ.

ಹಾಡು ನಿಲ್ಲುತ್ತದೆ. ಅಮೀನಬಿ ಪ್ರಿಯದರ್ಶಿನಿಯ ಕೈಯಿಂದ ಬಟ್ಟೆಯ ಗಂಟು ತೆಗೆದು ಕೆಳಗಿಡುತ್ತಾರೆ. ಅಷ್ಟು ಜನರೆದುರು ಆಕೆಯ ಟೋಪನ್ ಕಿತ್ತು ತಮ್ಮ ಕಂಕುಳಲ್ಲಿ ಇರುಕಿಕೊಳ್ಳುತ್ತಾರೆ. ಆಕೆಯನ್ನು ಅಲ್ಲೇ ಕೂರಿಸಿ, ಕೂಸನ್ನು ಮಡಿಲಿಗೆ ಹಾಕಿ, ತಮ್ಮ ಸೆರಗು ಹರಡಿ ಮರೆಮಾಡಿ ನಿಲ್ಲುತ್ತಾರೆ. ನಾಟಕದ್ದೇ ದೃಶ್ಯವೆಂದು ತಿಳಿದು ಕೆಲವರು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಅದೂ ನಿಂತುಹೋಗುತ್ತದೆ. ಮುಂದಿನ ಸಾಲಿನ ಹೆಂಗಸರಿಗೆ ಅರ್ಥವಾಗಿರಬೇಕು, ಒಬ್ಬಾಕೆ ಹಿಂದಕ್ಕೆ ತಿರುಗಿ, “ಸುಮ್ಕ ಕುಂಡ್ರೋ ಸಾಕು!” ಎಂದು ಯಾರಿಗೋ ಗದರಿಸುತ್ತಾಳೆ. ಕಲ್ಲೇಶ ಯಾರ ಅಪ್ಪಣೆಗೂ ಕಾಯದೆ ಪರದೆ ಇಳಿಸುತ್ತಾನೆ.

ಗುರಲಿಂಗಪ್ಪ ಬೆಂಕಿಯಾಗಿ ಓಡಿ ಬಂದವರು, ರಂಗದ ನಡುವೆ ಕೂತ ತಾಯಿ-ಕೂಸನ್ನು ನೋಡಿ ಹಾಗೇ ನಿಲ್ಲುತ್ತಾರೆ. ಪರದೆಯ ಮುಂದೆ ಹೋಗಿ, ಮೈಕು ಹಿಡಿದು, “ಈಗ ಇಂಟರ್‌ವಲ್” ಎನ್ನುತ್ತಾರೆ. ಒಳಬರುವಾಗ ನನ್ನ ಕಿವಿಯಲ್ಲಿ, “ಇದನ್ನ ಬರೀಬ್ಯಾಡ್ರಿ ಮತ್ತ” ಎಂದರು. ಕ್ಷಮಿಸಿ ಗುರಲಿಂಗಪ್ಪನವರೇ.

ತೀರ್ಮಾನ ಬದಲಾಗಲಿಲ್ಲ. ಹೊಟ್ಟೆ ತುಂಬಿ ಮಲಗಿದ ಕೂಸಿಗೆ ಹೊಸ ಕುಲಾಯಿ ಕಟ್ಟಿ ರಾಮವ್ವ ಬಸ್ಸಿಗೆ ಓಡಿದರು. ಪ್ರಿಯದರ್ಶಿನಿ ಮುಖಕ್ಕೆ ಮತ್ತೆ ಬಣ್ಣ ಹಚ್ಚಿಕೊಂಡಳು, ಅದು ಕಣ್ಣ ಕೆಳಗೆ ನಿಲ್ಲದೆ ಇಳಿಯುತ್ತಲೇ ಇತ್ತು. ಆ ಸಂಜೆಯ ವಿಡಿಯೊ ಎಲ್ಲೂ ಬಂದಿಲ್ಲ. ಮುಂದಿನ ಕ್ಯಾಂಪು ಬಾಗಲಕೋಟೆಯಲ್ಲಿ, ಕೂಸುಗಳಿಲ್ಲದೆ.

ಅಮೀನಬಿ ಬಟ್ಟೆ ಪೆಟ್ಟಿಗೆಯ ಮೇಲೆ ಕೂತಿದ್ದರು. ಎರಡೂ ಕೈ ಖಾಲಿ, ಅವನ್ನು ಎಲ್ಲಿಡಬೇಕೆಂದು ಗೊತ್ತಾಗದವರ ಹಾಗೆ ಮಡಿಲಿನಲ್ಲಿ ಇಟ್ಟುಕೊಂಡಿದ್ದರು. ಮಾಲೀಕರು ಬೈದರೇ ಎಂದೆ. ಇಲ್ಲವೆಂದು ತಲೆಯಾಡಿಸಿದರು. ಅಷ್ಟು ವರ್ಷದ ಮೇಲೆ ರಂಗ ಹತ್ತಿದಿರಲ್ಲ, ಹೆದರಿಕೆಯಾಗಲಿಲ್ಲವೇ ಎಂದೆ.

“ಆತ್ರಿ,” ಎಂದರು. ಆಮೇಲೆ ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡಂತೆ ಅಂದರು:

“ಈ ಸರ್ತಿ ನನ್ನ ಎಂಟ್ರಿ ತಡಾ ಆಗಲಿಲ್ರಿ.”