ಹಣ್ಣುಹುಳು ಆರಿಸುವ ಬೈರಮ್ಮ, ನೋಡಿ ಕಲಿಯದ ಮಗ

ಬೆಳಕು ಹರಿಯುವ ಮೊದಲೇ ದೊಡ್ಡಆಲಹಳ್ಳಿಯ ರೇಷ್ಮೆ ಹುಳುಮನೆಯೊಂದರಲ್ಲಿ ಕೂಲಿಗೆ ಬಂದ ಬೈರಮ್ಮ ಹುಳುಗಳ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನು ಬಿಟ್ಟು ಮೈ ಹಳದಿಗೆ ತಿರುಗಿದ್ದೇ ಹಣ್ಣುಹುಳು. ಅದನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅವರ ಬೆರಳು ಓಡುವುದನ್ನು ನೋಡುತ್ತಿದ್ದರೆ ನನ್ನ ಕೈಯೂ ತಟ್ಟೆಯತ್ತ ಹೋಗುತ್ತದೆ.

ಹೊರಗೆ ಜಗಲಿಯಲ್ಲಿ ಮಗ ಅಶ್ವಥ್ ಕೂತಿದ್ದಾನೆ. ಹದಿನೇಳು ವರ್ಷ, ಆಟಿಸಂ ಇದೆ, ಮಾತಿಲ್ಲ. ಅವನನ್ನು ಒಳಗೆ ಬಿಡುವುದಿಲ್ಲ. ಹಿಂದೊಂದು ರೇಷ್ಮೆ ಬೆಳೆಯಲ್ಲಿ ಅಮ್ಮನ ಪಕ್ಕ ಕೂತವನು, ಇನ್ನೂ ಸೊಪ್ಪು ತಿನ್ನುತ್ತಿದ್ದ ಹುಳುಗಳನ್ನೂ ಬಾಚಿ ಚಂದ್ರಿಕೆಗೆ ಸುರಿದುಬಿಟ್ಟ. ಹೊಟ್ಟೆ ತುಂಬದವು ಗೂಡು ಕಟ್ಟದೆ ಸತ್ತವು. ಹುಳುಮನೆಯ ಒಡೆಯ ನರಸಯ್ಯ ಬೈಯಲಿಲ್ಲ, ಇನ್ನು ಅವನನ್ನು ಒಳಗೆ ಕರೆತರಬೇಡ ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿಯಿತ್ತು ಅನ್ನುತ್ತಾರೆ ಬೈರಮ್ಮ.

ಈ ಕೆಲಸವನ್ನು ಇಲ್ಲಿ ಯಾರೂ ಬಾಯಲ್ಲಿ ಹೇಳಿಕೊಡುವುದಿಲ್ಲ. "ನಮ್ಮವ್ವ ಮಾಡೋದ ನೋಡ್ದೆ, ಕೈಗೆ ಬಂತು. ಇವ್ನಿಗೂ ಬತ್ತದೆ ಅಂದ್ಕಂಡಿದ್ದೆ. ಇದೊಂದ್ ಕೆಲ್ಸ ಗೊತ್ತಿದ್ರೆ, ನಾ ಹೋದ್ಮೇಲೆ ಯಾರಾದ್ರೂ ಕರ್ದು ಒಸಿ ಹಿಟ್ಟಿಕ್ತಾರೆ."

ಪೇಟೆಯ ವೈದ್ಯರೊಬ್ಬರು ಅವರಿಗೆ ಕನ್ನಡಿ ನರಕೋಶಗಳ ಬಗ್ಗೆ ಹೇಳಿದ್ದರಂತೆ. ಇನ್ನೊಬ್ಬರ ಕೈಯಾಡುವುದನ್ನು ಕಂಡಾಗ, ನಾವೇ ಮಾಡುತ್ತಿರುವಂತೆ ಮಿದುಳಿನಲ್ಲಿ ಮಿಡಿಯುವ ಕೋಶಗಳವು. ಆಟಿಸಂ ಇರುವವರಲ್ಲಿ ಅವು ಬೇರೆ ಥರ ಕೆಲಸ ಮಾಡಬಹುದು ಎಂಬುದು ಕೆಲವರ ಊಹೆ. ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಬೈರಮ್ಮನ ಕಿವಿಯಲ್ಲಿ ಉಳಿದದ್ದು ಕನ್ನಡಿ ಎಂಬ ಮಾತೊಂದೇ. ಮಗನ ತಲೆಯೊಳಗೆ ಅದು ಒಡೆದುಹೋಗಿದೆ ಎಂದುಕೊಂಡು ಕಲಿಸುವುದನ್ನೇ ಬಿಟ್ಟರು. ಊಹೆಯನ್ನು ತೀರ್ಪಿನಂತೆ ಬಡವರ ಮಡಿಲಿಗೆ ಹಾಕಿ ಕಳಿಸುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಆಮೇಲೆ ದಿನವೂ ಕೆಲಸ ಮುಗಿಸಿ ಮನೆಗೆ ಬಂದು, ಮಗನ ಎದುರೇ ಕೂತು ಅತ್ತು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವನಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂಬ ಧೈರ್ಯ. ಮೊನ್ನೆ ಗಂಡ ಕೃಷ್ಣಪ್ಪ ಕರೆದು ತೋರಿಸಿದರು. ಅಶ್ವಥ್ ಮೂಲೆಯಲ್ಲಿ ಒಬ್ಬನೇ ಕೂತು, ಅಂಗಿಯ ಅಂಚೆತ್ತಿ ಕಣ್ಣು ಒರೆಸಿಕೊಳ್ಳುತ್ತಿದ್ದ, ಥೇಟ್ ಅಮ್ಮನಂತೆ. ಕಣ್ಣಲ್ಲಿ ನೀರಿರಲಿಲ್ಲ.

ಹಾಗಾದರೆ ಮತ್ತೆ ಕೆಲಸ ಕಲಿಸಬಹುದಲ್ಲ ಎನ್ನುತ್ತೇನೆ. ಬೈರಮ್ಮ ತಟ್ಟೆಯಿಂದ ಕೈ ತೆಗೆಯುವುದಿಲ್ಲ.

"ಹುಳುಮನೆ ಒಳಿಕ್ ಯಾರ್ ಬುಡ್ತಾರಪ್ಪ ಈಗ? ನೋಡ್ತಾನೇ ಇದ್ದ ಅವ್ನು. ನಾನು ಅಳೋದ ಕಲಿಸ್ಬುಟ್ಟೆ."