ಡಂಗುರದವನ ಮಗ ಕಳಕೊಂಡ ಹೆಸರು

ಡಾಮ್ ಎಂಬ ನಮ್ಮ ಊರಿನಲ್ಲಿ ಡಂಗುರ ಸಾರುವುದು ಊರವರ ಕೆಲಸವಲ್ಲ, ನಮ್ಮ ಕೆಲಸ. ನದಿಯ ಏರಿ ಒಡೆದ ವರ್ಷ ನಮ್ಮ ತಾತ ಬೇರೆ ಕಡೆಯಿಂದ ಓಡಿಬಂದವನು. ಊರು ಅವನಿಗೆ ಕೊಟ್ಟದ್ದು ಬಿದಿರುಬೇಲಿಯ ಹೊರಗೊಂದು ಗುಡಿಸಲು, ಬಡಿಯಲೊಂದು ಟೊಳ್ಳು ಬಿದಿರು. ಮೂರು ತಲೆಮಾರು ಕಳೆದರೂ ನಾವು ಹೊರಗಿನವರೇ. ಹಬ್ಬದ ದಿನ ಊರಗುಡಿಯಲ್ಲಿ ಗಂಡಸರು ಅವರವರ ದರ್ಜೆಯ ಚಾಪೆಯ ಮೇಲೆ ಕೂತು ಹಂದಿಮಾಂಸದ ಪಾಲು ತಿನ್ನುವಾಗ ಅಪ್ಪ ಅಂಗಳದಲ್ಲಿ ನಿಂತಿರುತ್ತಿದ್ದ. ಕೊನೆಗೆ ಬಾಲವನ್ನು ಎಲೆಯಲ್ಲಿ ಕಟ್ಟಿ ಅವನ ಕಡೆ ಎಸೆಯುತ್ತಿದ್ದರು.

ಅಪ್ಪನಿಗೆ ಬಾಲದ ಚಿಂತೆ ಇರಲಿಲ್ಲ, ಮಣ್ಣಿನ ಚಿಂತೆ ಇತ್ತು. ಸತ್ತವರನ್ನು ಹೂತು, ಮೂರು ವರ್ಷಕ್ಕೆ ಮೂಳೆ ತೆಗೆದು ತೊಳೆದು ಮಡಕೆಯಲ್ಲಿಟ್ಟು ಮತ್ತೆ ಹೂಳುವ ಜನ ನಾವು. ಆದರೆ ಹೊರಗಿನವರಿಗೆ ಊರ ಮಣ್ಣಿಲ್ಲ, ಏರಿಯ ಆಚೆಯ ಮರಳೇ ಗತಿ. ಅಮ್ಮನನ್ನು ಅಲ್ಲಿ ಹೂತಿದ್ದೆವು. ಎರಡನೇ ನೆರೆಗೇ ಮರಳಿನ ಜೊತೆ ಅವಳ ಮೂಳೆಗಳೂ ಕೊಚ್ಚಿಹೋದವು. ಅಪ್ಪ ಕೊಂಡಿಟ್ಟಿದ್ದ ಮಡಕೆ ಖಾಲಿಯಾಗಿಯೇ ಅಟ್ಟ ಸೇರಿತು.

ಒಂದು ವಿಷಯದಲ್ಲಿ ಮಾತ್ರ ಅಪ್ಪನನ್ನು ಮೀರಿಸುವವರು ಇರಲಿಲ್ಲ. ಹೇಳಿಕಳಿಸಿದ ಮಾತಿಗೆ ಒಂದಕ್ಷರ ಸೇರಿಸುತ್ತಿರಲಿಲ್ಲ, ಒಂದಕ್ಷರ ಬಿಡುತ್ತಿರಲಿಲ್ಲ. ಅಣ್ಣ ನ್ಯಾಮ್‌ನನ್ನೂ ಹಾಗೆಯೇ ತಿದ್ದಿದ್ದ.

೧೯೧೬ರಲ್ಲಿ ಫ್ರಾನ್ಸಿನ ಯುದ್ಧಕ್ಕೆ ಊರಿಗಿಬ್ಬರು ಗಂಡಸರನ್ನು ಕಳಿಸಬೇಕೆಂದು ನಮ್ಮನ್ನಾಳುವ ಫ್ರೆಂಚ್ ದೊರೆಗಳ ಅಪ್ಪಣೆ ಬಂತು. ಚೀಟಿ ಎತ್ತಿದಾಗ ಬಂದ ಒಂದು ಹೆಸರು ಪಟೇಲ ಥೋನ ಒಬ್ಬನೇ ಮಗ ಹಿಯೆನ್‌ನದು. ಮರುದಿನ ಪಟೇಲ ನಮ್ಮ ಗುಡಿಸಲಿಗೆ ಬಂದ. ಹುಟ್ಟಿದಾರಭ್ಯ ಬಾರದವನು, ಎಲೆಯಡಿಕೆ ಹಿಡಿದುಕೊಂಡು ಬಂದ!

"ನನ್ ಮಗಂಗೆ ಎದೇಲಿ ಬಲ ಇಲ್ಲ ಕಣಯ್ಯಾ. ಸಮುದ್ರದ ಗಾಳಿ ಕುಡಿದ್ರೇನೇ ಅರ್ಧ ಸಾಯ್ತಾನೆ. ನಿನ್ ಮಗ ನೋಡು, ಕೋಣ ಇದ್ದಂಗಿದಾನೆ."

"ಪಟ್ಟೀಲಿ ಇರೋದು ನಿಮ್ ಮಗನ ಹೆಸ್ರಲ್ವಾ ಪಟೇಲ್ರೇ?" ಎಂದ ಅಪ್ಪ.

"ಹೆಸ್ರು ಅವನ್ದೇ ಇರ್ಲಿ, ಹೋಗೋ ಕಾಲು ಇವನ್ದು. ಆ ಬಿಳೀ ಜನಕ್ಕೆ ನಮ್ ಮೂತಿಗಳೆಲ್ಲ ಒಂದೇ. ಇವ್ನು ತಿರುಗಿ ಬಂದ ದಿನ ನಿಮ್ಮನ್ನ ಊರ ಪುಸ್ತಕಕ್ಕೆ ಬರೆಸ್ತೀನಿ. ಇವನಿಗೆ ಗುಡೀಲಿ ಚಾಪೆ, ನಿಂಗೆ ಊರ ಮಣ್ಣಲ್ಲಿ ಆರಡಿ. ಊರದೇವ್ರಾಣೆ."

ನಾನಾಗ ಹದಿನೈದರವಳು, ಅಕ್ಕಿ ಕುಟ್ಟುತ್ತಿದ್ದೆ. ಒನಕೆ ನಿಲ್ಲಿಸಿ, "ಕಾಗದದಲ್ಲಿ ಬರೆಸ್ಕೋ ಅಪ್ಪಾ" ಎಂದೆ.

"ಬಾಯ್ಮುಚ್ಚೇ ಥೊಆ. ದೇವ್ರ ಹೆಸ್ರಲ್ಲಿ ಆಡಿದ ಮಾತಿಗೆ ಕಾಗದ ಬೇರೆ ಕೇಳ್ತಾರಾ?" ಎಂದು ಅಪ್ಪ ನನ್ನನ್ನು ಗದರಿಸಿದ.

ಜೀವನವಿಡೀ ಬೇರೆಯವರ ಮಾತನ್ನು ನಂಬಿಕೆಯಿಂದ ಹೊತ್ತವನು, ಹೊರಿಸಿದವರೂ ತನ್ನಂತೆಯೇ ಎಂದುಕೊಂಡ. ಡಂಗುರದವನಲ್ಲದೆ ಇನ್ಯಾರೂ ಈ ತಪ್ಪು ಮಾಡಲಾರರು. ಅಣ್ಣ ಫಾನ್ ವಾನ್ ಹಿಯೆನ್ ಆಗಿ ಹೈಫಾಂಗ್ ಬಂದರಿನಲ್ಲಿ ಹಡಗು ಹತ್ತಿದ.

ಫ್ರಾನ್ಸಿನಲ್ಲಿ ಒಬ್ಬ ಅಧಿಕಾರಿ ಕಾಲಾಳುಗಳನ್ನು ಸಾಲಾಗಿ ನಿಲ್ಲಿಸಿ ಒಂದುದ್ದದ ಫ್ರೆಂಚ್ ವಾಕ್ಯ ಹೇಳಿದನಂತೆ. ಅಣ್ಣನೊಬ್ಬನೇ ಅರ್ಥ ಗೊತ್ತಿಲ್ಲದೆಯೂ ಅದನ್ನು ಹಾಗೆ ಹಾಗೇ ತಿರುಗಿ ಹೇಳಿದ. ಅಂದೇ ಅವನ ಕೈಗೆ ಫೋನು, ಬೆನ್ನಿಗೆ ತಂತಿಯ ಸುರುಳಿ ಬಂತು. ಗುಂಡು ಬಿದ್ದು ತಂತಿ ಹರಿದಾಗಲೆಲ್ಲ ಕೆಸರಿನಲ್ಲಿ ತೆವಳಿ ಹೋಗಿ, ತುದಿಗಳನ್ನು ಹಲ್ಲಿನಿಂದ ಸುಲಿದು ಕಟ್ಟಬೇಕು. ಅಲ್ಲಿಯ ನಿಯಮವೊಂದಿತ್ತು: ಪ್ರತಿ ಸಂದೇಶದ ಕೊನೆಗೂ ಹೇಳಿಕಳಿಸಿದವನ ಹೆಸರು, ಮುಟ್ಟಿಸಿದವನ ಹೆಸರು ಬರಬೇಕು. ಹೆಸರಿಲ್ಲದ ಮಾತನ್ನು ಯಾರೂ ನಂಬುತ್ತಿರಲಿಲ್ಲ. ಮೂರು ವರ್ಷ ಅಣ್ಣ ದಿನಕ್ಕೆ ನೂರು ಸಲ "ಫಾನ್ ವಾನ್ ಹಿಯೆನ್" ಎಂದ. ಒಮ್ಮೆ ಒಂದೇ ದಿನ ಹನ್ನೊಂದು ಸಲ ತಂತಿ ಕಟ್ಟಿದ. ಎಡಗಿವಿ ಹೋಯಿತು, ಪದಕ ಬಂತು. ಪದಕದ ಕಾಗದದಲ್ಲೂ ಅದೇ ಹೆಸರು.

ಅವನ ಪತ್ರಗಳೂ ಹಿಯೆನ್‌ನ ಅಪ್ಪನ ವಿಳಾಸಕ್ಕೇ ಬರುತ್ತಿದ್ದವು. ಪಟೇಲ ಅವನ್ನು ಗುಡಿಯಲ್ಲಿ ಓದಿಸಿ, "ನನ್ ಮಗ ಬರೆದಿದಾನೆ" ಎಂದು ಮೀಸೆ ತೀಡುತ್ತಿದ್ದ. ಆ ಮಗ ಒಳಮನೆಯಲ್ಲಿ ಬಾತುಕೋಳಿ ತಿಂದುಕೊಂಡು ಕೂತಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಯಾರೊಬ್ಬರೂ ತುಟಿ ಬಿಚ್ಚಲಿಲ್ಲ. ಅಪ್ಪ ಅಂಗಳದಲ್ಲಿ ನಿಂತು ತನ್ನ ಮಗನ ಕ್ಷೇಮ ಕೇಳಿಸಿಕೊಂಡು ಬರುತ್ತಿದ್ದ.

ಅಣ್ಣ ತಿರುಗಿ ಬಂದಾಗ ಹಡಗುಕಟ್ಟೆಯಲ್ಲಿ ಕಾಯುತ್ತಿದ್ದವನೂ ಪಟೇಲನೇ. "ಪದಕ, ಕಾಗದ ಎಲ್ಲಾ ನನ್ ಹತ್ರ ಇರ್ಲಿ ಮಗಾ. ಗುಡೀಲಿ ಹತ್ತು ಜನರ ಮುಂದೆ ನಾನೇ ನಿಂಗೆ ಹಾಕ್ಬೇಕು" ಎಂದ. ಅಪ್ಪನ ಮಗನಲ್ಲವೇ, ಕೊಟ್ಟುಬಿಟ್ಟ. ಏರಿಯ ಮೇಲೆ ನಡೆದು ಬರುತ್ತಿದ್ದವನನ್ನು ಕಂಡು "ನ್ಯಾಮಣ್ಣಾ!" ಎಂದು ಕೂಗಿಕೊಂಡು ಓಡಿದೆ. ಅವನು ಬೇರೆ ಯಾರನ್ನೋ ಕರೆದರೆಂಬಂತೆ ಹಿಂದಕ್ಕೆ ತಿರುಗಿ ನೋಡಿದ.

ನಾಲ್ಕನೇ ದಿನ ಪಟೇಲ ಅಣ್ಣನನ್ನು ಕರೆಸಿದ. ಅಪ್ಪ ಹಾಸಿಗೆ ಹಿಡಿದಿದ್ದರಿಂದ ಡಂಗುರ ಈಗ ಅಣ್ಣನ ಪಾಲಿಗೆ ಬಂದಿತ್ತು.

"ಸಾರ್ಕೊಂಡ್ ಬಾ. ಫ್ರಾನ್ಸಿನಲ್ಲಿ ಹೋರಾಡಿ ಬಂದ ಫಾನ್ ವಾನ್ ಹಿಯೆನ್‌ಗೆ ಸರ್ಕಾರ ದರ್ಜೆ ಕೊಟ್ಟಿದೆ. ನಾಳೆ ಗುಡಿಯಲ್ಲಿ ಎರಡನೇ ಚಾಪೆ ಏರ್ತಾನೆ. ಹಂದಿ ಕಡೀತೀವಿ."

"ಹೋಗಿದ್ದು ನಾನಲ್ವಾ ಪಟೇಲ್ರೇ?"

"ಹೋದವ್ನು ಹಿಯೆನ್ ಅಂತ ದೊರೆಗಳೇ ಬರೆದಿದಾರೆ. ನೀನು ಹೋಗಿದ್ದಕ್ಕೆ ಎಲ್ಲೋ ಇದೆ ಕಾಗದ?"

"ನಂದು ಬೇಡ. ಅಪ್ಪನ ಮಣ್ಣು?"

"ಹೋದವನ ಅಪ್ಪಂಗೆ ತಾನೇ ಮಣ್ಣು? ನನ್ ಸಮಾಧಿ ಜಾಗ ನೋಡಾಗಿದೆ. ಹೆಚ್ಚು ಮಾತಾಡಿದ್ರೆ, ಸುಳ್ಳು ಹೆಸ್ರಲ್ಲಿ ಸೈನ್ಯ ಸೇರಿದ ಅಂತ ನಿನ್ನನ್ನೇ ಜೈಲಿಗೆ ಹಾಕ್ತಾರೆ. ಹೊರಡು."

ಅಣ್ಣ ಹೊರಟ. ಟಕ್ ಟಕ್ ಎಂದು ಬಡಿಯುತ್ತ, ಪಟೇಲ ಹೇಳಿದ್ದನ್ನು ಒಂದಕ್ಷರ ಬಿಡದೆ ಸಾರಿದ. ನಾನು ಹಿಂದೆಯೇ ಹೋಗುತ್ತಿದ್ದೆ. ಆ ಬಿದಿರು ಕಿತ್ತುಕೊಂಡು ಅವನ ತಲೆಗೇ ಬಡಿಯಬೇಕೆನಿಸಿತು. ಆಮೇಲೆ ಅವನು ಫೋನಿನಲ್ಲಿ ಮಾತಾಡುವ ಏರುದನಿಯಲ್ಲಿ ಹೇಳಿದ:

"ಹೇಳಿಕಳಿಸಿದವನು ಪಟೇಲ ಥೋ. ಮುಟ್ಟಿಸಿದವನು ಡಾಂಗ್ ನ್ಯಾಮ್. ಫ್ರಾನ್ಸಿನಲ್ಲಿ ಮೂರು ವರ್ಷ ಹಿಯೆನ್ ಆಗಿದ್ದವನು."

ಪ್ರತಿ ಬಾಗಿಲಲ್ಲೂ ಹಾಗೆಯೇ ಸಾರಿದ. ಎಲ್ಲ ಮನೆಗಳಲ್ಲೂ ಜನ ಇದ್ದರು. ಒಂದು ಮನೆಯವರು ಬಾಗಿಲು ಎಳೆದುಕೊಂಡರು, ಒಬ್ಬಳು ಮಕ್ಕಳನ್ನು ಒಳಗೆ ಕರೆದಳು. ಮಾರನೆಯ ದಿನ ಎಲ್ಲರೂ ಹೋಗಿ ಚಾಪೆಯ ಮೇಲೆ ಕೂತು ಹಂದಿ ತಿಂದರು. ತಿಂದ ಬಾಯಿ ಯಾವತ್ತಾದರೂ ಮಾತಾಡುತ್ತದೆಯೇ? ಪಟೇಲನನ್ನಾದರೂ ಕ್ಷಮಿಸಿಯೇನು, ಅವನು ಮಗನಿಗಾಗಿ ಮಾಡಿದ. ಆ ಬಾಗಿಲುಗಳನ್ನು ಮಾತ್ರ ಕ್ಷಮಿಸಲಾರೆ.

ಸಾರಿ ಬಂದ ದಿನವೇ ಅಪ್ಪ ಹಾಸಿಗೆಯಿಂದ ಕೇಳಿದ, "ಕೊನೇ ಮಾತು ಯಾರು ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲಪ್ಪಾ. ನಾನೇ ಸೇರಿಸ್ದೆ."

ಬೈಯುತ್ತಾನೆಂದುಕೊಂಡೆ. "ನಲವತ್ತು ವರ್ಷ ಸಾರ್ದೆ," ಎಂದ ಅಪ್ಪ. "ನಾನೂ ಯಾವತ್ತಾದ್ರೂ ಒಂದು ಮಾತು ಸೇರಿಸ್ಬೇಕಿತ್ತು."

ಅದೇ ವರ್ಷದ ಎಂಟನೇ ತಿಂಗಳಲ್ಲಿ ಅಪ್ಪ ತೀರಿಕೊಂಡ. ಮರಳಿನಲ್ಲೇ ಹೂತೆವು. ಮೂರನೇ ವರ್ಷಕ್ಕೆ ಅಣ್ಣ, ಅಮ್ಮನಿಗೆಂದು ಅಪ್ಪ ತಂದಿದ್ದ ಮಡಕೆಯನ್ನೇ ಅಟ್ಟದಿಂದ ಇಳಿಸಿ, ತೊಳೆದು, ಗುದ್ದಲಿ ಹಿಡಿದು ಹೋದ. ಸೂರ್ಯ ನೆತ್ತಿಗೆ ಬರುವವರೆಗೆ ಅಗೆದ. ಆಮೇಲೆ ಖಾಲಿ ಮಡಕೆ ಹೊತ್ತುಕೊಂಡು ಮನೆಗೆ ಬಂದ.