ಗಾಸ್ಪರೆ ಬದುಕಿರುವಾಗಲೇ ನಿನ್ಫಾ ವಿಧವೆಯಾದದ್ದು

ನಮ್ಮ ಓಣಿಯಲ್ಲಿ ನಿನ್ಫಾಳ ಬಾಯಿಗೆ ಹೆದರದ ಜನ ಎರಡೇ ತರಹ. ಒಂದು, ಅವಳ ಗಂಡ ಗಾಸ್ಪರೆ. ಅವನಿಗೆ ಎಡಗಿವಿ ಕೇಳಿಸದು. ಮದುವೆಯಾದಾಗಿನಿಂದ ಹೆಂಡತಿಯ ಬಲಕ್ಕೇ ಕೂತು, ಅದೇ ಕಿವಿಯನ್ನು ಅವಳಿಗೆ ಒಪ್ಪಿಸಿಬಿಟ್ಟಿದ್ದಾನೆ. ಇನ್ನೊಂದು, ಗುರುವಾರ ಪಲೆರ್ಮೊ ಬಂದರಿಗೆ ಬರುವ ಹಡಗಿನ ಜನ. ಬೆಳಿಗ್ಗೆ ಒಂಬತ್ತಕ್ಕೆ ಇಳಿದು ಸಂಜೆ ಹಡಗು ಹತ್ತುವ ಈ ಮಂದಿ, ಅಷ್ಟರೊಳಗೆ ನಮ್ಮ ಮೂರು ಸಾವಿರ ವರ್ಷದ ಊರನ್ನು ಪೂರ್ತಿ ನೋಡಿ ಮುಗಿಸುತ್ತಾರೆ. ನಾನು ಇಲ್ಲೇ ಹುಟ್ಟಿ ಅರವತ್ತೆರಡು ವರ್ಷವಾಯಿತು, ಇನ್ನೂ ಅರ್ಧ ಊರು ನೋಡಿಲ್ಲ.

ನನ್ನ ಹೆಸರು ಸಾರೊ. ನಿನ್ಫಾಳ ಮಹಡಿಯ ಎದುರಿಗೇ ನನ್ನ ಅಂಗಡಿ. ಕಡಲೆಹಿಟ್ಟು ಬೇಯಿಸಿ, ಬಿಲ್ಲೆ ಮಾಡಿ, ಎಣ್ಣೆಯಲ್ಲಿ ಕರಿದು, ಎಳ್ಳು ಹಚ್ಚಿದ ಬನ್ನಿನಲ್ಲಿಟ್ಟು ಕೊಡುತ್ತೇನೆ. ಪಾನೆಲ್ಲೆ ಅನ್ನುತ್ತೇವೆ. ಹಾಗಾಗಿ ಈ ಕಥೆಯ ಅರ್ಧ ನಾನು ಕಣ್ಣಾರೆ ಕಂಡದ್ದು. ಉಳಿದರ್ಧ ನಿನ್ಫಾ ಆಮೇಲೆ ನನಗೆ ಬೈಯುತ್ತಾ ಹೇಳಿದ್ದು.

ಹಡಗಿನವರ ಮೇಲೆ ಅವಳಿಗೆ ಸಿಟ್ಟು ಸುಮ್ಮನೆ ಬಂದದ್ದಲ್ಲ. ಬಾಗಿಲ ಬಳಿ ಹಲಗೆಯ ಮೇಲೆ ಟೊಮೇಟೊ ಗೊಜ್ಜು ಹರಡಿ ಒಣಗಲಿಟ್ಟರೆ, ಒಬ್ಬ ಬೆರಳದ್ದಿ ನೆಕ್ಕುತ್ತಾನೆ. ಹಗ್ಗದ ಮೇಲಿನ ಗಾಸ್ಪರೆಯ ಒಳಚಡ್ಡಿಯ ಕೆಳಗೆ ನಿಂತು ಗಂಡಹೆಂಡಿರು ಫೋಟೊ ಹೊಡೆಸಿಕೊಳ್ಳುತ್ತಾರೆ. ಆಗ ನಿನ್ಫಾ ಮಹಡಿಯ ಕಟಕಟೆಗೆ ಬಂದು, ಕಪ್ಪು ಲಂಗದಲ್ಲಿ, ಎರಡೂ ಕೈ ಎತ್ತಿ, ನಮ್ಮ ಸಿಸಿಲಿ ಮಾತಿನಲ್ಲಿ ಶುರುಮಾಡುತ್ತಿದ್ದಳು.

"ನಿಮ್ ಹಡಗಿಗೆ ತೂತು ಬೀಳಾ! ನಿಮ್ ಕಾಲು ಸೇದಿಹೋಗಾ! ಮೀನು ತಿನ್ಲಿ ನಿಮ್ಮನ್ನ!"

ಕೆಳಗೆ ನಿಂತವರು ಉತ್ತರದವರು, ಬೆರ್ಗಮೊ ಕಡೆಯವರು. ಇಟಲಿಯವರೇ ಆದರೂ ನಮ್ಮ ಮಾತು ಅವರಿಗೆ ಒಂದಕ್ಷರ ತಿಳಿಯದು. ಅವರಿಗೆ ಊರು ತೋರಿಸುವ ಗೈಡು ಮಾನ್‌ಫ್ರೆದಿ, ಸಾಕ್ಷಾತ್ ನಿನ್ಫಾಳ ತಂಗಿಯ ಮಗ. ಒಂದು ಗುರುವಾರ ಯಾರೋ ಹೆಂಗಸು, "ಅದೇನ್ರೀ ಹೇಳ್ತಿದಾರೆ ಆ ಅಮ್ಮ?" ಎಂದು ಕೇಳಿದಳು. ನನ್ನ ದೊಡ್ಡಮ್ಮ ನಿಮಗೆ ಶಾಪ ಹಾಕುತ್ತಿದ್ದಾಳೆ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ಪಾಪ, ಅವಳ ಗಂಡ ಟ್ಯೂನಾ ಹಿಡಿಯೋಕೆ ಹೋದವನು ನಲವತ್ತು ವರ್ಷದಿಂದ ಬಂದಿಲ್ಲ" ಅಂದ. "ಆ ಹಡಗಿಗೆ ತೂತು ಬಿದ್ದ ದಿನಾನೇ ನನ್ನ ಬಾಳಿಗೂ ತೂತು ಬಿತ್ತು, ಮೀನು ತಿಂದಿದ್ದು ಅವನನ್ನಲ್ಲ, ನನ್ನನ್ನ, ಅಂತ ಅಳ್ತಿದಾಳೆ."

ಮೂರು ಹೆಂಗಸರು ಕಣ್ಣೊರೆಸಿಕೊಂಡರು. ಮುಂದಿನ ವಾರದಿಂದ ಅದು ಖಾಯಂ ಆಯಿತು. ಗುಂಪಿನವರ ಕಿವಿಗೆ ಗುಂಡಿಯಂಥದ್ದೊಂದು ಸಿಕ್ಕಿಸಿರುತ್ತಾರೆ, ಇವನು ಮೈಕಿನಲ್ಲಿ ಪಿಸುಗುಟ್ಟಿದರೆ ಸಾಕು. ಹಾಗಾಗಿ ಮೇಲಿದ್ದ ನಿನ್ಫಾಳಿಗೆ ಏನೂ ಕೇಳಿಸುತ್ತಿರಲಿಲ್ಲ. ಅವಳೊಬ್ಬಳನ್ನು ಬಿಟ್ಟು ಇಡೀ ಓಣಿಗೆ ಅವಳು ವಿಧವೆಯೆಂದು ಗೊತ್ತಿತ್ತು. ನಾವ್ಯಾರೂ ಹೇಳಲಿಲ್ಲ. ಅತ್ತವರಿಗೆ ಹಸಿವು ಜಾಸ್ತಿ. ನನ್ನ ಪಾನೆಲ್ಲೆ ಹನ್ನೊಂದಕ್ಕೇ ಖಾಲಿಯಾಗುತ್ತಿತ್ತು.

ಇನ್ನು ಸತ್ತ ಗಾಸ್ಪರೆ. ಅವನು ನೀರಿನ ಇಲಾಖೆಯಲ್ಲಿ ಮನೆಮನೆಯ ಮೀಟರ್ ಓದುವ ಕೆಲಸ ಮಾಡಿ ನಿವೃತ್ತನಾದವನು. ನೀರಿಗೂ ಅವನಿಗೂ ಇದ್ದ ಸಂಬಂಧ ಅಷ್ಟೇ. ಒಮ್ಮೆ ಊಸ್ತಿಕಾ ದ್ವೀಪಕ್ಕೆ ದೋಣಿ ಹತ್ತಿ, ದೋಣಿ ಹೊರಡುವ ಮುಂಚೆಯೇ ವಾಂತಿ ಮಾಡಿ ಇಳಿದು ಬಂದಿದ್ದ.

ಕಳೆದ ಸೆಪ್ಟೆಂಬರಿನ ಒಂದು ಗುರುವಾರ ನಿನ್ಫಾ ಮನೆಯಲ್ಲಿರಲಿಲ್ಲ. ಕಣ್ಣಿನ ಪೊರೆ ತೆಗೆಸಿದ್ದಳು, ಡಾಕ್ಟರಿಗೆ ತೋರಿಸಲು ಬಂದರಿನ ಹತ್ತಿರ ಹೋಗಿದ್ದಳು. ಬಿಸಿಲು ತಾಗಬಾರದೆಂದು ದೊಡ್ಡ ಕಪ್ಪು ಕನ್ನಡಕ. ತೊರಿನೊದಲ್ಲಿರುವ ಮಗಳು ಕಳಿಸಿದ್ದ, ಆವರೆಗೆ ಬೀರುವಿನಲ್ಲೇ ಕೊಳೆಯುತ್ತಿದ್ದ, ನೀಲಿ ರಿಬ್ಬನ್ನಿನ ಹುಲ್ಲುಟೋಪಿ. ಹೊರಗೆ ಬಂದು ಮಂಡಿನೋವಿಗೆ ಗೋಡೆ ಹಿಡಿದು ನಿಂತಿದ್ದಾಳೆ. ಅಷ್ಟರಲ್ಲಿ ಹದಿನಾಲ್ಕು ಎಂದು ಗುಂಪಿನ ಅಂಕೆ ಬರೆದ ಕೋಲು ಹಿಡಿದ ಹುಡುಗಿಯೊಬ್ಬಳು ಓಡಿಬಂದು, "ಅಯ್ಯೋ ಇಲ್ಲಿದೀರಾ! ಒಬ್ಬರು ಕಮ್ಮಿ ಅಂತ ಎಣಿಸಿ ಎಣಿಸಿ ಸಾಕಾಯ್ತು!" ಎಂದು ಎದೆಗೆ ಅದೇ ಅಂಕೆಯ ಸ್ಟಿಕರ್ ಅಂಟಿಸಿ, ಕಿವಿಗೆ ಗುಂಡಿ ಸಿಕ್ಕಿಸಿ, ತಣ್ಣನೆ ನೀರಿನ ಬಾಟಲಿ ಕೈಗಿತ್ತು ಬಸ್ಸು ಹತ್ತಿಸಿಬಿಟ್ಟಳು.

"ನೀನು ಹತ್ತಿದ್ದಾದ್ರೂ ಯಾಕೆ?" ಎಂದು ಆಮೇಲೆ ನಾನು ಕೇಳಿದ್ದೆ.

"ಎ.ಸಿ. ಇತ್ತಲ್ಲೋ. ನಮ್ಮ ಓಣಿ ಕಡೆಗೇ ಹೋಗುತ್ತೆ ಅಂದಳು ಆ ಹುಡುಗಿ. ನೀರು ಬೇರೆ ಪುಕ್ಕಟೆ."

ಮಾನ್‌ಫ್ರೆದಿ ಬಸ್ಸಿನ ಮುಂದೆ ನಿಂತು ಎರಡು ಸಲ ಎಣಿಸಿದ. ಹೆತ್ತಮ್ಮನ ಅಕ್ಕ ಕಾಣಲಿಲ್ಲ, ಸ್ಟಿಕರ್ ಕಂಡಿತು. ಸ್ಟಿಕರ್ ಅಂಟಿಸಿಕೊಂಡವರ ಮುಖ ಯಾರು ನೋಡುತ್ತಾರೆ?

ಪಕ್ಕದಲ್ಲಿ ಕೂತವಳು ಓರ್ನೆಲ್ಲಾ ಎಂಬ ಬೆರ್ಗಮೊದ ಹೆಂಗಸು. ತೆಳ್ಳಗೆ, ಬೆಳ್ಳಗೆ, ಕೊರಳಲ್ಲಿ ಮುತ್ತು. "ಇಲ್ಲಿಯ ಜನ ಬಡವರಾದರೂ ಎಷ್ಟು ಖುಷಿಯಾಗಿದಾರೆ ನೋಡಿ" ಅಂದಳಂತೆ. ನಿನ್ಫಾ ಇಸ್ಕೂಲಿನಲ್ಲಿ ಕಲಿತ ಅಷ್ಟೂ ಇಟಾಲಿಯನ್ನನ್ನು ಒಟ್ಟುಮಾಡಿ, "ಯಾರ್ರೀ ಖುಷಿಯಾಗಿರೋದು?" ಎಂದು ಕೇಳಿದಳು. ಓರ್ನೆಲ್ಲಾ ತಮಾಷೆಯೆಂದುಕೊಂಡು ನಕ್ಕಳು.

ದಾರಿಯಲ್ಲಿ ತಂಗಿ ಮಗ ಹೇಳಿದ ಇತಿಹಾಸಕ್ಕೆ ನಿನ್ಫಾಳ ತಲೆ ತಿರುಗಿತು. ತಾನು ಮದುವೆಯಾದ ಚರ್ಚಿನಲ್ಲಿ ಒಬ್ಬ ರಾಜಕುಮಾರಿಯನ್ನು ಗೋಡೆಯೊಳಗೆ ಕಟ್ಟಿದ್ದಾರಂತೆ. ಅವಳಿಗೆ ಗೊತ್ತಿದ್ದಂತೆ ಆ ಗೋಡೆಯೊಳಗೆ ಕೆಟ್ಟುಹೋದ ನಲ್ಲಿ ಪೈಪು ಬಿಟ್ಟರೆ ಇನ್ನೇನೂ ಇರಲಿಲ್ಲ.

ಹತ್ತೂವರೆಗೆ ಗುಂಪು ನಮ್ಮ ಓಣಿಗೆ ಬಂತು. ನಾನು ಎಣ್ಣೆ ಕಾಯಿಸುತ್ತಿದ್ದೆ. ಮಾನ್‌ಫ್ರೆದಿ ನಿನ್ಫಾಳ ಬಾಗಿಲೆದುರು ನಿಂತು, ದನಿ ತಗ್ಗಿಸಿ, ವಿಧವೆಯ ಕಥೆ ಶುರುಮಾಡಿದ. ಕಥೆ ನಿನ್ಫಾಳ ಕಿವಿಯೊಳಗೇ ಬಿತ್ತು. ಮುಳುಗಿದ ಹಡಗು, ನಲವತ್ತು ವರ್ಷದ ಕಣ್ಣೀರು, ಬಾಗಿಲಿಗೆ ಹಾಕದ ಚಿಲಕ. ಯಾರೋ ದೌರ್ಭಾಗ್ಯವತಿ ನಮ್ಮ ಓಣಿಯಲ್ಲಿದ್ದಾಳಲ್ಲ, ನನಗೇ ಗೊತ್ತಿಲ್ಲವಲ್ಲ ಎಂದು ಅವಳೂ ಒಂದು ಗಳಿಗೆ ಮರುಗಿದಳಂತೆ. ಆಮೇಲೆ ಅವನು ಬೆರಳು ತೋರಿಸಿದ ಕಡೆ ನೋಡಿದರೆ ಅವಳದೇ ಬಾಗಿಲು, ಅವಳದೇ ಬಟ್ಟೆ ಹಗ್ಗ.

ಮೇಲೆ ಯಾರೂ ಬರಲಿಲ್ಲ. ಮಾನ್‌ಫ್ರೆದಿ ಕೆಮ್ಮಿದ, ಹಗ್ಗ ಅಲ್ಲಾಡಿಸಿದ. ಕೊನೆಗೆ ದಪ್ಪನೆಯ ಗಂಡಸೊಬ್ಬನಿಗೆ, "ಗಂಟೆ ಒತ್ತಿ ಸಾರ್, ಅದೃಷ್ಟ" ಅಂದ. ಅವನು ಒತ್ತಿದ. ಕಟಕಟೆಗೆ ಬಂದದ್ದು ಗಾಸ್ಪರೆ. ತೋಳಿಲ್ಲದ ಬನಿಯನ್ನು, ಕೈಯಲ್ಲಿ ಸೌಟು.

"ನಿನ್ಫಾ! ಎಲ್ಲಿ ಸತ್ತೆ? ಉಪ್ಪು ಎಲ್ಲಿಟ್ಟಿದೀಯ?"

ಗುಂಪು ಮಾನ್‌ಫ್ರೆದಿಯ ಕಡೆ ತಿರುಗಿತು. ಹುಡುಗ ಚುರುಕು, ಒಪ್ಪಿಕೊಳ್ಳಬೇಕು. "ಇವರು ಸತ್ತವನ ತಮ್ಮ" ಅಂದ. "ಮೂವತ್ತು ವರ್ಷದಿಂದ ಅತ್ತಿಗೇನ ಮದುವೆಯಾಗು ಅಂತ ಬೇಡ್ಕೋತಿದಾರೆ. ಅವಳು ಒಪ್ತಾ ಇಲ್ಲ. ನೀನಿಲ್ಲದ ಬಾಳು ಉಪ್ಪಿಲ್ಲದ ಊಟ ಅಂತಿದಾರೆ."

"ಧೈರ್ಯ ತಗೊಳ್ಳಿ!" ಎಂದು ಗಂಟೆ ಒತ್ತಿದವನು ಮೇಲಕ್ಕೆ ಕೂಗಿದ. ಗಾಸ್ಪರೆ ಬಲಗಿವಿ ಮುಂದೆ ಮಾಡಿ, "ಏನು ತಗೋಬೇಕು?" ಎಂದು ಕೇಳಿದ. ಓರ್ನೆಲ್ಲಾ ಕರವಸ್ತ್ರ ತೆಗೆದು, "ಎಂಥಾ ಗಂಡಸು! ನಾನಾಗಿದ್ರೆ ಎಂದೋ ಒಪ್ತಿದ್ದೆ" ಅಂದಳು.

"ನಿನ್ಫಾ! ಉಪ್ಪು!"

ನಲವತ್ತಮೂರು ವರ್ಷದ ಅಭ್ಯಾಸ, ತಡೆದುಕೊಳ್ಳಲು ಆಗಲಿಲ್ಲ. ಗುಂಪಿನ ಹಿಂದಿನಿಂದ ಟೋಪಿಯೊಂದು ಗರ್ಜಿಸಿತು: "ಒಲೆ ಪಕ್ಕದ ಡಬ್ಬೀಲಿದೆ, ಕಣ್ಣು ಕಾಣ್ಸಲ್ವೇನೋ ಮುದಿಯಾ! ಕಣ್ಣು ಕುಯ್ಸಿಕೊಂಡಿದ್ದು ನಾನಾ ನೀನಾ?"

ಮಾನ್‌ಫ್ರೆದಿಯ ಮುಖ ನನ್ನ ಹಿಟ್ಟಿನ ಬಣ್ಣಕ್ಕೆ ತಿರುಗಿತು. ನಿನ್ಫಾ ಟೋಪಿ ತೆಗೆದು ಮುಂದೆ ಬಂದು, ಮತ್ತೆ ಇಸ್ಕೂಲಿನ ಇಟಾಲಿಯನ್ನಿಗೆ ಕೈಹಾಕಿದಳು. "ಕೇಳ್ರೀ ಎಲ್ಲರೂ. ಆ ವಿಧವೆ ನಾನು. ಅಗೋ ಆ ಸೌಟು ಹಿಡಿದವನೇ ನನ್ನ ಗಂಡ. ಮುಳುಗೋದಿರಲಿ, ಸ್ನಾನ ಮಾಡು ಅಂದ್ರೂ ಮಾಡಲ್ಲ. ಈ ಕಳ್ಳ ನನ್ನ ತಂಗಿ ಮಗ."

ಈಗ ಗಲಾಟೆಯಾಗುತ್ತದೆ, ಹುಡುಗನ ಕಥೆ ಮುಗಿಯಿತು ಎಂದುಕೊಂಡೆ. ಆದರೆ ಅವರು ಅವಳ ಎದೆಯ ಮೇಲಿನ ಹದಿನಾಲ್ಕನ್ನು ನೋಡಿದರು, ಒಬ್ಬರನ್ನೊಬ್ಬರು ನೋಡಿದರು.

"ಬಿಸಿಲು" ಅಂದ ಒಬ್ಬ.

"ಬೆಳಿಗ್ಗೆ ತಿಂಡೀಗೇ ವೈನ್ ಕೊಡಬಾರದು ಅಂತ ನಾನು ಹೇಳ್ತಾನೇ ಇದೀನಿ" ಅಂದಳು ಇನ್ನೊಬ್ಬಳು.

ಓರ್ನೆಲ್ಲಾ ನಿನ್ಫಾಳ ತೋಳು ಹಿಡಿದು, "ಯಾಕ್ರೀ ಹೀಗೆ? ಕಷ್ಟದಲ್ಲಿರೋರನ್ನ ಗೇಲಿ ಮಾಡಬಾರದು" ಎಂದು ಮೆತ್ತಗೆ ಗದರಿಸಿದಳು.

ನಿನ್ಫಾ ಸುತ್ತ ನೋಡಿ ನನ್ನನ್ನು ಕಂಡಳು. "ಏ ಸಾರೊ! ಹೇಳೋ ಇವರಿಗೆ, ನಾನ್ಯಾರು ಅಂತ!"

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಹೆಂಗಸು ನನ್ನ ಮಗನ ನಾಮಕರಣದಲ್ಲಿ ಮಗುವನ್ನು ಎತ್ತಿಕೊಂಡು ನಿಂತವಳು. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಎರಡು ತಿಂಗಳು ನಮಗೆ ಊಟ ಕಳಿಸಿದವಳು. ಆದರೆ ಎಣ್ಣೆ ಕಾದಿತ್ತು. ಮೂವತ್ತೆಂಟು ಜನ ಹಸಿದು ನಿಂತಿದ್ದರು.

"ಯಾರಮ್ಮಾ ನೀವು?" ಅಂದೆ.

ಅವಳ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೋಲಿನ ಹುಡುಗಿ ಬಂದು, "ಬನ್ನಿ ಅಮ್ಮಾ, ನೆರಳಲ್ಲಿ ಕೂತ್ಕೊಳ್ಳಿ" ಎಂದು ಅವಳ ಮನೆ ಬಾಗಿಲಿನಿಂದಲೇ ಅವಳನ್ನು ಬಸ್ಸಿನ ಕಡೆ ಕರೆದುಕೊಂಡು ಹೋದಳು. "ಎಲ್ಲಿಗೆ ಕರ್ಕೊಂಡ್ ಹೋಗ್ತಿದೀರಿ ಅವಳನ್ನ?" ಎಂದು ಗಾಸ್ಪರೆ ಮೇಲಿನಿಂದ ಕೇಳಿದ. ಅಷ್ಟರಲ್ಲಿ ಉಪ್ಪಿನ ಡಬ್ಬಿ ನೆನಪಾಗಿ ಒಳಗೆ ಹೋದ. ಗುಂಪು ನನ್ನ ಕಡೆ ತಿರುಗಿತು. ಆ ದಿನ ಎರಡು ಸಲ ಹಿಟ್ಟು ಕಲಸಿದೆ.

ಸಂಜೆ ನಾಲ್ಕಕ್ಕೆ ಆ ಎ.ಸಿ. ಬಸ್ಸು ನಿನ್ಫಾಳನ್ನೂ ಹೊತ್ತು ಹಡಗಿನ ಗೇಟಿಗೆ ಬಂತು. ಕಾವಲಿನವನು ಕಾರ್ಡ್ ಕೇಳಿದ. ಗುಂಪಿನಲ್ಲಿ ಕಮ್ಮಿಯಾಗಿದ್ದ ಅಸಲಿ ಹೆಂಗಸು ಬೆಳಿಗ್ಗೆಯಿಂದ ಹಡಗಿನ ಕೋಣೆಯಲ್ಲೇ ಮಲಗಿದ್ದಳೆಂದು ಆಗ ಗೊತ್ತಾಯಿತು.

"ನನ್ ಕಾರ್ಡ್ ಬೇಕೇನಪ್ಪಾ?" ಎಂದು ನಿನ್ಫಾ ಬಸ್ಸಿನ ಹಿಂದೆ ಅವಿತಿದ್ದ ಮಾನ್‌ಫ್ರೆದಿಯ ಕಡೆ ಕೈಮಾಡಿದಳು. "ಅಗೋ, ನನ್ನ ತಂಗಿ ಹೆತ್ತ ಕಾರ್ಡ್ ಅಲ್ಲಿ ನಿಂತಿದೆ."

"ದೊಡ್ಡಮ್ಮಾ, ಕಾಲಿಗೆ ಬೀಳ್ತೀನಿ, ಮೆಲ್ಲಗೆ ಮಾತಾಡು" ಅಂದ ಅವನು. ಎಲ್ಲರೆದುರು ದೊಡ್ಡಮ್ಮ ಎಂದು ಅವನ ಬಾಯಿಂದ ಬಂದದ್ದಕ್ಕೇ ಅವಳಿಗೆ ಅರ್ಧ ಸಿಟ್ಟು ಇಳಿಯಿತಂತೆ. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು ಇಳಿಸಿದ. ಉಳಿದರ್ಧ ಸಿಟ್ಟು ನನ್ನ ಅಂಗಡಿಗೆ ಬಂತು.

"ಯಾರಮ್ಮಾ ನೀವು ಅಂದ್ಯಲ್ಲೋ! ಬಹುವಚನ ಬೇರೆ!"

ಬಿಸಿ ಪಾನೆಲ್ಲೆ ಕೊಟ್ಟೆ. ತಿಂದಳು, ತಿನ್ನುತ್ತಲೇ ಬೈದಳು.

ಮುಂದಿನ ಗುರುವಾರ ಇಡೀ ಓಣಿ ಕಿಟಕಿಗೆ ಬಂದಿತ್ತು, ಈ ಆಟ ಅವಳು ಹೇಗೆ ಮುರಿಯುತ್ತಾಳೆ ನೋಡಲು. ಗುಂಪು ಬಂತು. ನಿನ್ಫಾ ಕಟಕಟೆಗೆ ಬಂದಳು. ಕೂದಲು ಬಾಚಿ, ಅವರಮ್ಮನ ಕಪ್ಪು ಶಾಲು ಹೊದ್ದು, ಕೈಯಲ್ಲಿ ಮೇಣದಬತ್ತಿ. ಹಾಡಿನಂತೆ ರಾಗ ಎಳೆದಳು. ಮಾನ್‌ಫ್ರೆದಿಯ ಕಳ್ಳತನ, ಅವನ ತಾಯಿ ಮದುವೆಗೆ ಮುಂಚೆ ಮಾಡಿದ ಕೆಲಸ, ನನ್ನ ಅಂಗಡಿಯ ಎಣ್ಣೆ ಎಷ್ಟು ವಾರ ಹಳೆಯದು, ಎಲ್ಲ ಬಂತು, ಹೆಸರು ಹಿಡಿದು. ಓಣಿಯವರು ನಗು ತಡೆಯಲಾರದೆ ಒಳಗೆ ಓಡಿದರು. ಉತ್ತರದವರು ಬಿಕ್ಕಿಬಿಕ್ಕಿ ಅತ್ತರು. ಮಾನ್‌ಫ್ರೆದಿ ತನ್ನ ತಾಯಿಯ ಮಾನವನ್ನು ಸಾಲುಸಾಲಾಗಿ ಸಮುದ್ರದ ಅಲೆಗಳೆಂದು ಅನುವಾದಿಸುತ್ತಾ ನಿಂತಿದ್ದ.

ಮುಗಿದ ಮೇಲೆ ಅವಳು ಕೆಳಗಿಳಿದು ಬಂದು ಅವನನ್ನು ಕೇಳಿದ್ದು ಒಂದೇ: "ಎಷ್ಟು ಜನ ಅತ್ರು?"

"ಎಲ್ಲರೂ ದೊಡ್ಡಮ್ಮಾ."

"ಆ ಮೂಲೇಲಿದ್ದ ಬೋಳುತಲೆಯವನು ಅಳಲಿಲ್ಲ. ನಾನು ನೋಡಿದೆ."

ಈಗ ಹಡಗಿನ ದಿನ ಗಾಸ್ಪರೆ ಕಟಕಟೆಗೆ ಬರುವಂತಿಲ್ಲ. ಒಂಬತ್ತರಿಂದ ನಾಲ್ಕರವರೆಗೆ ಅವನು ಸತ್ತಿರಬೇಕು, ಅದೂ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ನನ್ನ ಖರ್ಚಿನಲ್ಲಿ. ನನಗೆ ಅವಳು ವಿಧಿಸಿದ ಶಿಕ್ಷೆ ಅದು.

ನವೆಂಬರಿನಲ್ಲಿ ಬೆರ್ಗಮೊದಿಂದ ಒಂದು ಕಾಗದ ಬಂತು. ವಿಳಾಸದಲ್ಲಿ ನಮ್ಮ ಓಣಿಯ ಹೆಸರು, ಅದರ ಕೆಳಗೆ 'ಸೌಟು ಹಿಡಿದಿದ್ದ ಮಹನೀಯರಿಗೆ' ಎಂದು ಬರೆದಿತ್ತು. ಓರ್ನೆಲ್ಲಾ ತಾನೂ ಒಂಟಿಯೆಂದೂ, ಮನೆಯ ಹಿಂದೆ ಬೆಟ್ಟ ಕಾಣುತ್ತದೆಂದೂ, ಒಲ್ಲದ ಹೆಣ್ಣಿಗಾಗಿ ಒಬ್ಬ ಮನುಷ್ಯ ಮೂವತ್ತು ವರ್ಷ ಕಾದದ್ದು ಸಾಕೆಂದೂ ಬರೆದಿದ್ದಳು. ಅಂಚೆಯವನು ಅದನ್ನು ನಿನ್ಫಾಳ ಕೈಗೇ ಕೊಟ್ಟ. ಅವಳು ಎರಡು ಸಲ ಓದಿ, ಹರಿಯದೆ, ಮಡಚಿ ರವಿಕೆಯೊಳಗಿಟ್ಟುಕೊಂಡು ಮೆಟ್ಟಿಲು ಹತ್ತಿದಳು.

ಗಾಸ್ಪರೆಗೆ ಸುದ್ದಿ ಹೇಗೋ ಮುಟ್ಟಿತು. ಮರು ಗುರುವಾರ ಹಿಂದಿನ ಕೋಣೆಯಲ್ಲಿ ಕೂತು ನಾಲ್ಕನೇ ಬನ್ನು ಮುಗಿಸುತ್ತಾ, "ಬೆರ್ಗಮೊಗೆ ಹೋಗೋಕೆ ದೋಣೀಲೇ ಹೋಗಬೇಕಾ ಸಾರೊ, ರೈಲು ಏನಾದ್ರೂ ಇದೆಯಾ?" ಎಂದು ಕೇಳಿದ.